ಪ್ರಸ್ತಾರದಿಂದ ಕ್ರಮವಿಧಿಗೆ: ಗಣಕ ವಿಜ್ಞಾನದ ಪೂರ್ವಸಿದ್ಧತೆ ಮತ್ತು ಕನ್ನಡ ಮಾಧ್ಯಮದ ವಿದ್ಯಾರ್ಥಿ

ಗಣಕ ವಿಜ್ಞಾನದ ಡಿಪ್ಲೊಮಾ ಅಥವಾ ಪದವಿ ತರಗತಿಗೆ ಸೇರುವ ಮುನ್ನ ವಿದ್ಯಾರ್ಥಿಯು ಏನನ್ನು ಕಲಿತಿರಬೇಕು ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಗಣಕ ವಿಭಾಗದವರಿಗೆ ಬಿಟ್ಟುಕೊಡಲಾಗಿದೆ. ಕನ್ನಡ ಅಧ್ಯಯನಕ್ಕೂ ಈ ಪ್ರಶ್ನೆಗೂ ಸಂಬಂಧವಿಲ್ಲವೆಂಬ ಭಾವನೆ ಎರಡೂ ಕಡೆಗಳಲ್ಲಿದೆ. ಆದರೆ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿ, ಅನಂತರ ಒಮ್ಮೆಲೇ ಇಂಗ್ಲಿಷಿನ ಗಣಕ ತರಗತಿಯಲ್ಲಿ ಕುಳಿತುಕೊಳ್ಳುವ ವಿದ್ಯಾರ್ಥಿಯ ದೃಷ್ಟಿಯಿಂದ ನೋಡಿದಾಗ ಈ ಪ್ರಶ್ನೆ ಭಾಷೆಯ ಪ್ರಶ್ನೆಯೂ ಆಗುತ್ತದೆ. ಕ್ರಮವಿಧಿ ರಚನೆಗೆ ಬೇಕಾದ ಮೂಲ ಶಿಸ್ತಿನ ಬಹುಭಾಗವನ್ನು ಆ ವಿದ್ಯಾರ್ಥಿಯು ಕನ್ನಡ ವ್ಯಾಕರಣ ಮತ್ತು ಛಂದಸ್ಸಿನ ಪಾಠಗಳಲ್ಲಿಯೂ ತನ್ನ ಮನೆಯ ಕಸುಬಿನಲ್ಲಿಯೂ ಆಗಲೇ ಪಡೆದಿರುತ್ತಾನೆ. ಅದನ್ನು ಗುರುತಿಸಿ ಹೆಸರಿಟ್ಟು ಕೊಡುವುದೇ ಸರಿಯಾದ ಪೂರ್ವಸಿದ್ಧತೆ ಎಂಬುದನ್ನು ಪ್ರತಿಪಾದಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅಧ್ಯಯನದ ಅನುಕೂಲಕ್ಕಾಗಿ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಪ್ರದೇಶವನ್ನು ಆಯ್ದುಕೊಳ್ಳಲಾಗಿದೆ. 2007ರವರೆಗೆ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದ್ದ ಈ ನಾಲ್ಕು ತಾಲ್ಲೂಕುಗಳು ಆ ವರ್ಷ ರಾಮನಗರ ಜಿಲ್ಲೆಯಾಗಿ ಪ್ರತ್ಯೇಕಗೊಂಡವು. ಕನಕಪುರದಿಂದ ಹಾರೋಹಳ್ಳಿ ಮುಂದೆ ಬೇರೆ ತಾಲ್ಲೂಕಾಯಿತು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿತು. ರಾಜಧಾನಿಯ ತಂತ್ರಾಂಶ ಉದ್ಯಮಕ್ಕೆ ಇಷ್ಟು ಸಮೀಪವಿದ್ದೂ ರೇಷ್ಮೆ, ರಾಗಿ ಮತ್ತು ಮರಗೆಲಸದ ಬದುಕನ್ನು ಉಳಿಸಿಕೊಂಡಿರುವ ಸೀಮೆಯಿದು. ರಾಮನಗರದಲ್ಲಿ 1980ರಿಂದ ಘೌಸಿಯಾ ಎಂಜಿನಿಯರಿಂಗ್ ಕಾಲೇಜು, 2007ರಿಂದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇವೆ. ಹೀಗಾಗಿ ಹಳ್ಳಿಯ ಪ್ರೌಢಶಾಲೆಯಿಂದ ಗಣಕ ತರಗತಿಗೆ ಇರುವ ಭೌಗೋಳಿಕ ದೂರ ಇಲ್ಲಿ ಹೆಚ್ಚೇನಲ್ಲ. ಇರುವುದು ಬೇರೆ ಬಗೆಯ ದೂರ.

1. ಸಮಸ್ಯೆಯ ಸ್ವರೂಪ

ಪದವಿಪೂರ್ವ ವಿಜ್ಞಾನ ತರಗತಿಯಲ್ಲಿ ಗಣಕ ವಿಜ್ಞಾನವನ್ನು ಐಚ್ಛಿಕವಾಗಿ ಆಯ್ದವರು ಕ್ರಮವಿಧಿಯ ಪರಿಚಯ ಪಡೆದಿರುತ್ತಾರೆ. ಜೀವಶಾಸ್ತ್ರವನ್ನು ಆಯ್ದವರಿಗೆ ಆ ಪರಿಚಯವಿರುವುದಿಲ್ಲ. ಇಬ್ಬರೂ ಮುಂದೆ ಒಂದೇ ತರಗತಿಯಲ್ಲಿ ಕೂರಬಹುದು. ಎಂಜಿನಿಯರಿಂಗ್‌ನ ಮೊದಲ ವರ್ಷದ ಪಾಠಪಟ್ಟಿಯು ಮೊದಲಿನಿಂದಲೇ ಆರಂಭವಾಗುತ್ತದೆ ಎಂಬುದು ನಿಜವಾದರೂ ವೇಗ ಹೆಚ್ಚು. ಹಿಂದುಳಿದ ವಿದ್ಯಾರ್ಥಿ ತನ್ನ ತೊಡಕಿಗೆ ಇಂಗ್ಲಿಷನ್ನು ಕಾರಣವಾಗಿ ಹೇಳುತ್ತಾನೆ. ಪೋಷಕರೂ ಅದನ್ನೇ ನಂಬಿ ರಜೆಯಲ್ಲಿ ಇಂಗ್ಲಿಷ್ ಸಂಭಾಷಣೆಯ ತರಬೇತಿಗೆ ಕಳುಹಿಸುತ್ತಾರೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. 1989ರಲ್ಲಿ ಪ್ರಮಾಣೀಕೃತವಾದ ಸಿ ಭಾಷೆಯಲ್ಲಿರುವ ಮೀಸಲು ಪದಗಳು 32 ಮಾತ್ರ. ಇಂದಿನ ಪೈಥಾನ್ ಭಾಷೆಯಲ್ಲಿ ಅವು 35. ಇಫ್, ಎಲ್ಸ್, ವೈಲ್, ಫಾರ್, ರಿಟರ್ನ್ ಮುಂತಾದ ಈ ಪದಗಳನ್ನು ಹತ್ತನೆಯ ತರಗತಿ ಮುಗಿಸಿದ ಯಾರೂ ಒಂದು ವಾರದಲ್ಲಿ ಕಲಿಯಬಲ್ಲರು. ಆದ್ದರಿಂದ ಕ್ರಮವಿಧಿಯನ್ನು ಬರೆಯಲು ಬೇಕಾದ ಇಂಗ್ಲಿಷ್ ಅತ್ಯಲ್ಪ. ಪಠ್ಯಪುಸ್ತಕವನ್ನು ಓದಲು, ಗಣಕವು ತೋರಿಸುವ ದೋಷಸೂಚನೆಯನ್ನು ಅರ್ಥಮಾಡಿಕೊಳ್ಳಲು ಹೆಚ್ಚಿನ ಇಂಗ್ಲಿಷ್ ಬೇಕೆಂಬುದನ್ನು ಅಲ್ಲಗಳೆಯಲಾಗದು. ಆದರೆ ಮೊದಲ ತಿಂಗಳಲ್ಲಿ ವಿದ್ಯಾರ್ಥಿ ಎಡವುವುದು ಪದಗಳಲ್ಲಿ ಅಲ್ಲ. ಒಂದು ಕೆಲಸವನ್ನು ಊಹೆಗೆ ಎಡೆಯಿಲ್ಲದ ಹಂತಗಳಾಗಿ ಬಿಡಿಸುವುದರಲ್ಲಿ. ಈ ಎರಡು ತೊಡಕುಗಳನ್ನು ಬೇರ್ಪಡಿಸದೆ ಹೋದರೆ ಕನ್ನಡದಲ್ಲಿ ಸುಲಭವಾಗಿ ಕಲಿಯಬಹುದಾದುದನ್ನು ಇಂಗ್ಲಿಷಿನಲ್ಲಿ ಕಷ್ಟಪಟ್ಟು ಕಲಿಯುವಂತಾಗುತ್ತದೆ.

2. ಪ್ರಸ್ತಾರವೆಂಬ ಕ್ರಮವಿಧಿ

ನಿಯಮಗಳ ಮೂಲಕ ಭಾಷೆಯನ್ನು ವಿವರಿಸುವ ಪರಂಪರೆ ಕನ್ನಡಕ್ಕೆ ಹೊಸದಲ್ಲ. 10ನೆಯ ಶತಮಾನದ ನಾಗವರ್ಮನ ‘ಛಂದೋಂಬುಧಿ’, 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ಗಳು ಈ ಪರಂಪರೆಯ ಮುಖ್ಯ ಕೃತಿಗಳು. ಲೆಕ್ಕದ ವಿಧಾನಗಳನ್ನು ಕನ್ನಡದಲ್ಲಿಯೇ ನಿರೂಪಿಸಿದ 12ನೆಯ ಶತಮಾನದ ರಾಜಾದಿತ್ಯನ ‘ವ್ಯವಹಾರಗಣಿತ’ವನ್ನೂ ಇಲ್ಲಿ ನೆನೆಯಬೇಕು. ಇವುಗಳ ಪೈಕಿ ಛಂದಸ್ಸಿನ ಒಂದು ಭಾಗ ಪ್ರೌಢಶಾಲೆಯ ಪ್ರತಿ ವಿದ್ಯಾರ್ಥಿಗೂ ಪರಿಚಿತ. ಪದ್ಯದ ಸಾಲಿಗೆ ಪ್ರಸ್ತಾರ ಹಾಕಿ, ಗಣ ವಿಂಗಡಿಸಿ, ಛಂದಸ್ಸನ್ನು ಹೆಸರಿಸುವುದು ಪರೀಕ್ಷೆಯ ವಾಡಿಕೆಯ ಪ್ರಶ್ನೆ. ಆ ಕೆಲಸವನ್ನು ಹಂತಗಳಾಗಿ ಬರೆದರೆ ಹೀಗಾಗುತ್ತದೆ:

ಒಂದು: ಸಾಲನ್ನು ಅಕ್ಷರಗಳಾಗಿ ಬಿಡಿಸು.
ಎರಡು: ‘ಮೊತ್ತ’ವನ್ನು 0 ಎಂದು ಇಡು.
ಮೂರು: ಮೊದಲ ಅಕ್ಷರವನ್ನು ತೆಗೆದುಕೋ.
ನಾಲ್ಕು: ಆ ಅಕ್ಷರ ದೀರ್ಘವಾಗಿದ್ದರೆ, ಅಥವಾ ಅನುಸ್ವಾರ ವಿಸರ್ಗಗಳಿಂದ ಕೂಡಿದ್ದರೆ, ಅಥವಾ ವ್ಯಂಜನದಿಂದ ಕೊನೆಗೊಂಡಿದ್ದರೆ, ಅಥವಾ ಅದರ ಮುಂದಿನ ಅಕ್ಷರ ಒತ್ತಕ್ಷರವಾಗಿದ್ದರೆ, ಅದು ಗುರು, ಮೊತ್ತಕ್ಕೆ 2 ಸೇರಿಸು.
ಐದು: ಹಾಗಿಲ್ಲದಿದ್ದರೆ ಅದು ಲಘು, ಮೊತ್ತಕ್ಕೆ 1 ಸೇರಿಸು.
ಆರು: ಅಕ್ಷರ ಉಳಿದಿದ್ದರೆ ಮುಂದಿನದನ್ನು ತೆಗೆದುಕೊಂಡು ನಾಲ್ಕನೆಯ ಹಂತಕ್ಕೆ ಮರಳು.
ಏಳು: ಮೊತ್ತವನ್ನು ಹೇಳಿ ನಿಲ್ಲು.

ಗಣಕ ತರಗತಿಯ ಮೊದಲ ತಿಂಗಳ ಪರಿಕಲ್ಪನೆಗಳೆಲ್ಲ ಈ ಏಳು ಸಾಲುಗಳಲ್ಲಿವೆ. ಬೆಲೆ ಬದಲಾಗುತ್ತ ಹೋಗುವ ‘ಮೊತ್ತ’ವು ಚರ. ನಾಲ್ಕು ಮತ್ತು ಐದನೆಯ ಹಂತಗಳು ಷರತ್ತು. ಆರನೆಯದು ಆವರ್ತನೆ, ಅಂದರೆ ಲೂಪ್. ‘ಅಥವಾ’ ಎಂಬುದು ತಾರ್ಕಿಕ ಸಂಯೋಜಕ. ಈ ಕ್ರಮವನ್ನು ನಾಲ್ಕು ಊರುಗಳ ಹೆಸರಿಗೆ ಅನ್ವಯಿಸಿ ನೋಡಬಹುದು. ಮಾಗಡಿಯಲ್ಲಿ ಒಂದು ಗುರು, ಎರಡು ಲಘು: 4 ಮಾತ್ರೆ. ಕನಕಪುರದಲ್ಲಿ ಐದೂ ಲಘು: 5. ರಾಮನಗರದಲ್ಲಿ ಒಂದು ಗುರು, ನಾಲ್ಕು ಲಘು: 6. ಚನ್ನಪಟ್ಟಣದಲ್ಲಿ ಒತ್ತಕ್ಷರಗಳ ಹಿಂದಿರುವ ‘ಚ’ ಮತ್ತು ‘ಪ’ ಗುರುಗಳಾಗಿ, ಉಳಿದ ಮೂರು ಲಘುಗಳಾಗಿ 7 ಮಾತ್ರೆಗಳಾಗುತ್ತವೆ.

ಗುರುವಿಗೆ ಒಂದು, ಲಘುವಿಗೆ ಸೊನ್ನೆ ಎಂದಿಟ್ಟುಕೊಂಡರೆ ಮೂರಕ್ಷರದ ಗಣಗಳು ಎಂಟೇ ಏಕೆ ಎಂಬುದೂ ತಿಳಿಯುತ್ತದೆ. ಪ್ರತಿ ಸ್ಥಾನಕ್ಕೆ ಎರಡು ಆಯ್ಕೆ, ಮೂರು ಸ್ಥಾನ. ಎರಡನ್ನು ಮೂರು ಬಾರಿ ಗುಣಿಸಿದರೆ 8. ಸಾಧ್ಯವಿರುವ ಗುರುಲಘು ವಿನ್ಯಾಸಗಳನ್ನೆಲ್ಲ ಕ್ರಮವಾಗಿ ಪಟ್ಟಿಮಾಡುವುದನ್ನೇ ಪಿಂಗಳನ ಛಂದಶ್ಶಾಸ್ತ್ರದ ಪರಂಪರೆಯು ‘ಪ್ರಸ್ತಾರ’ ಎಂದು ಕರೆದಿದೆ. ಶಾಲೆಯಲ್ಲಿ ಆ ಪದಕ್ಕೆ ಅರ್ಥ ಸ್ವಲ್ಪ ಬೇರೆ. ಗಣಕದ ದ್ವಿಮಾನ ಪದ್ಧತಿಯನ್ನು ವಿವರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಕನ್ನಡ ವಿದ್ಯಾರ್ಥಿಗೆ ದೊರೆಯಲಾರದು.

3. ದೋಷವನ್ನು ಹುಡುಕುವ ಕಲೆ

ಮೇಲಿನ ಏಳು ಹಂತಗಳು ಸರಿಯಾಗಿಯೇ ಕಾಣುತ್ತವೆ. ಆದರೆ ಅವುಗಳಲ್ಲಿ ಒಂದು ಬಿರುಕಿದೆ. ಸಾಲಿನ ಕೊನೆಯ ಅಕ್ಷರಕ್ಕೆ ಬಂದಾಗ ನಾಲ್ಕನೆಯ ಹಂತವು ‘ಮುಂದಿನ ಅಕ್ಷರ’ವನ್ನು ಕೇಳುತ್ತದೆ. ಮುಂದೆ ಅಕ್ಷರವೇ ಇಲ್ಲ. ಮನುಷ್ಯನಾದವನು ಇದನ್ನು ಗಮನಿಸದೆಯೇ ದಾಟಿಬಿಡುತ್ತಾನೆ. ಪೈಥಾನ್ ಆದರೆ ‘ಇಂಡೆಕ್ಸ್ ಎರರ್’ ಎಂದು ತೋರಿಸಿ ನಿಲ್ಲುತ್ತದೆ. ಸಿ ಭಾಷೆಯಲ್ಲಿ ಯಾವ ಸೂಚನೆಯೂ ಇಲ್ಲದೆ ತಪ್ಪು ಉತ್ತರ ಬರಬಹುದು. ಆದ್ದರಿಂದ ‘ಮುಂದೆ ಅಕ್ಷರವಿದ್ದು, ಅದು ಒತ್ತಕ್ಷರವಾಗಿದ್ದರೆ’ ಎಂದು ತಿದ್ದಬೇಕಾಗುತ್ತದೆ. ಮೊದಲ ಮತ್ತು ಕೊನೆಯ ಅಂಶಗಳಲ್ಲಿ ನಿಯಮ ನಿಲ್ಲುತ್ತದೆಯೇ ಎಂದು ನೋಡುವ ಅಭ್ಯಾಸ ಒಮ್ಮೆ ಬಂದರೆ ಅದು ಎಲ್ಲ ಭಾಷೆಗಳಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಹಳಗನ್ನಡದ ಶಿಥಿಲದ್ವಿತ್ವ ಇನ್ನೊಂದು ಬಗೆಯ ಪಾಠ. ಅಲ್ಲಿ ಒತ್ತಕ್ಷರವಿದ್ದೂ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ. ಸಾಮಾನ್ಯ ನಿಯಮಕ್ಕಿಂತ ಮೊದಲು ಅಪವಾದವನ್ನು ಪರೀಕ್ಷಿಸಬೇಕೆಂಬ ಕ್ರಮವನ್ನು ಇದು ಕಲಿಸುತ್ತದೆ.

ಇನ್ನೂ ಸೂಕ್ಷ್ಮವಾದ ದೋಷವೊಂದನ್ನು ಭಾಮಿನಿ ಷಟ್ಪದಿಯಿಂದ ತೋರಿಸಬಹುದು. ಅದರ ಒಂದು, ಎರಡು, ನಾಲ್ಕು ಮತ್ತು ಐದನೆಯ ಸಾಲುಗಳಲ್ಲಿ 3, 4, 3, 4ರ ಗಣಗಳಂತೆ ಒಟ್ಟು 14 ಮಾತ್ರೆಗಳಿರುತ್ತವೆ. ‘ಮೊತ್ತ 14 ಆಗಿದ್ದರೆ ಭಾಮಿನಿಯ ಸಾಲು’ ಎಂದು ವಿದ್ಯಾರ್ಥಿಯೊಬ್ಬನು ನಿಯಮ ಬರೆದನೆನ್ನೋಣ. ಪ್ರಾಸ ಮತ್ತು ಅರ್ಥಗಳನ್ನು ಬದಿಗಿಟ್ಟು ‘ಚನ್ನಪಟ್ಟಣ ಚನ್ನಪಟ್ಟಣ’ ಎಂಬುದನ್ನು ಪರೀಕ್ಷಿಸಿದರೆ ಮೊತ್ತ 14 ಬರುತ್ತದೆ. ‘ಚನ್ನ’ 3, ‘ಪಟ್ಟಣ’ 4, ಮತ್ತೆ 3, ಮತ್ತೆ 4, ಗಣಗಳೂ ಸರಿ. ಇನ್ನು ‘ರಾಮನಗರ ಮಾಗಡಿ ಮಾಗಡಿ’ ಎಂಬುದನ್ನು ತೆಗೆದುಕೊಂಡರೆ 6, 4, 4 ಸೇರಿ ಮೊತ್ತ 14 ಆಗುತ್ತದೆ. ಆದರೆ ‘ರಾಮ’ ಎಂಬಲ್ಲಿಗೆ ಮೊದಲ ಗಣ ಮುಗಿದು, ‘ನಗರ’ದಲ್ಲಿ 3 ಮಾತ್ರೆಗಳಾದ ಮೇಲೆ ಎರಡು ಮಾತ್ರೆಯ ‘ಮಾ’ ಬರುತ್ತದೆ. ಎರಡನೆಯ ಗಣ 4ರಲ್ಲಿ ನಿಲ್ಲದೆ 5ಕ್ಕೆ ಹಾರುತ್ತದೆ. ಗುರುವನ್ನು ಒಡೆಯಲಾಗದು. ಆದುದರಿಂದ ಇದು ಭಾಮಿನಿಯ ಸಾಲಲ್ಲ. ವಿದ್ಯಾರ್ಥಿಯ ನಿಯಮ ಮಾತ್ರ ಇದನ್ನೂ ಒಪ್ಪಿಬಿಡುತ್ತದೆ.

ಇಂತಹ ಕಡೆ ಗಣಕವು ದೋಷಸೂಚನೆಯನ್ನು ಕೊಡುವುದಿಲ್ಲ. ಕ್ರಮವಿಧಿ ಓಡುತ್ತದೆ, ಉತ್ತರ ಬರುತ್ತದೆ, ಉತ್ತರ ತಪ್ಪಾಗಿರುತ್ತದೆ. ಒಂದು ಉದಾಹರಣೆಗೆ ಸರಿಹೊಂದಿದ್ದು ಎಲ್ಲದಕ್ಕೂ ಸರಿಯೆಂದು ಭಾವಿಸದೆ, ತನ್ನ ನಿಯಮವನ್ನು ಸೋಲಿಸಬಲ್ಲ ಉದಾಹರಣೆಯನ್ನು ತಾನೇ ಹುಡುಕುವ ಬುದ್ಧಿ ಇಲ್ಲಿ ಬೇಕಾಗುತ್ತದೆ. ಛಂದಸ್ಸಿನ ತರಗತಿಯಲ್ಲಿ ಇದನ್ನು ಬೆಳೆಸಲು ಗಣಕವೇ ಬೇಕಾಗಿಲ್ಲ.

4. ನಿಯಮದ ಮಿತಿ

ಎಲ್ಲ ಭಾಷಾಜ್ಞಾನವೂ ಹೀಗೆ ನಿಯಮಗಳಿಗೆ ಇಳಿಯುತ್ತದೆಂದು ಭಾವಿಸುವುದು ಸರಿಯಲ್ಲ. ‘ಊರು’ ಎಂಬುದಕ್ಕೆ ‘ಅನ್ನು’ ಸೇರಿದರೆ ‘ಊರನ್ನು’ ಎಂದಾಗಿ ಉಕಾರ ಲೋಪವಾಗುತ್ತದೆ. ‘ಗುರು’ ಎಂಬುದಕ್ಕೆ ಅದೇ ಪ್ರತ್ಯಯ ಸೇರಿದರೆ ‘ಗುರುವನ್ನು’ ಎಂದಾಗಿ ವಕಾರ ಆಗಮವಾಗುತ್ತದೆ. ಎರಡೂ ಪದಗಳು ‘ರು’ ಎಂದೇ ಮುಗಿಯುತ್ತವೆ. ಅರ್ಥ ಕೆಡದಿದ್ದರೆ ಲೋಪ, ಕೆಡುವಂತಿದ್ದರೆ ಆಗಮ ಎಂದು ವ್ಯಾಕರಣ ಹೇಳುತ್ತದೆ; ಅರ್ಥ ಕೆಡುವುದೋ ಇಲ್ಲವೋ ಎಂಬುದನ್ನು ಕೊನೆಯ ಅಕ್ಷರವನ್ನಷ್ಟೇ ನೋಡುವ ಯಂತ್ರ ಅರಿಯದು. ಆದ್ದರಿಂದ ಇಲ್ಲಿ ನಿಯಮದ ಜೊತೆಗೆ ಪದಗಳ ಪಟ್ಟಿಯೂ ಬೇಕಾಗುತ್ತದೆ. ನಿಯಮದಿಂದ ಆಗುವ ಕೆಲಸ ಯಾವುದು, ದತ್ತಾಂಶವನ್ನು ಕೂಡಿಸಿಟ್ಟುಕೊಂಡೇ ಮಾಡಬೇಕಾದ ಕೆಲಸ ಯಾವುದು ಎಂಬ ವಿವೇಚನೆ ಗಣಕ ವಿಜ್ಞಾನದ ಮುಂದಿನ ಪಾಠಗಳಿಗೆಲ್ಲ ಬುನಾದಿ.

5. ಕಸುಬಿನ ಜ್ಞಾನ

ಈ ಪ್ರದೇಶದ ವಿದ್ಯಾರ್ಥಿಯ ಮನೆಯಲ್ಲಿಯೂ ಇಂತಹ ಕ್ರಮಗಳಿವೆ. ರೇಷ್ಮೆಹುಳು ಗೂಡು ಕಟ್ಟುವ ಮೊದಲು ನಾಲ್ಕು ಬಾರಿ ಪೊರೆ ಬಿಡುತ್ತದೆ. ರೈತರು ಅದನ್ನು ‘ಜ್ವರ’ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹಾಕುವಂತಿಲ್ಲ. ಎದ್ದ ಮೇಲೆ ಮತ್ತೆ ಹಾಕಬೇಕು. ನಾಲ್ಕು ಜ್ವರ ಕಳೆದು ಹುಳು ಹಣ್ಣಾದಾಗ ಚಂದ್ರಿಕೆಗೆ ಬಿಡಬೇಕು. ಇದನ್ನು ಬರೆದರೆ ಎಣಿಕೆಯಿರುವ, ನಡುವೆ ಷರತ್ತಿರುವ, ಕೊನೆಯಲ್ಲಿ ನಿಲುಗಡೆಯಿರುವ ಆವರ್ತನೆಯೊಂದು ಸಿದ್ಧವಾಗುತ್ತದೆ. ಆದರೆ ಒಂದು ತಟ್ಟೆಯ ಹುಳುಗಳೆಲ್ಲ ಒಂದೇ ಗಳಿಗೆಯಲ್ಲಿ ಜ್ವರಕ್ಕೆ ಕೂರುವುದಿಲ್ಲ. ರೈತ ಕಣ್ಣಂದಾಜಿನಿಂದ ‘ಬಹುಪಾಲು ಕೂತಿವೆ’ ಎಂದು ತೀರ್ಮಾನಿಸುತ್ತಾನೆ. ಯಂತ್ರಕ್ಕೆ ಹೇಳುವಾಗ ನೂರಕ್ಕೆ ಎಷ್ಟು ಎಂಬ ಸಂಖ್ಯೆಯನ್ನೇ ಕೊಡಬೇಕು. ಅನುಭವದ ಮಾತಿಗೂ ಕ್ರಮವಿಧಿಯ ಮಾತಿಗೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ. ಅನುಭವದ ಮಾತು ಕೀಳೆಂದು ಇದರ ಅರ್ಥವಲ್ಲ. ಅದರಲ್ಲಿ ಅಡಗಿರುವ ಎಷ್ಟೋ ತೀರ್ಮಾನಗಳನ್ನು ಹೊರತೆಗೆದು ಹೇಳಬೇಕಾಗುತ್ತದೆ ಎಂದಷ್ಟೇ.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಹರಾಜು ಇನ್ನೊಂದು ಉದಾಹರಣೆ. ಒಂದು ಲಾಟಿಗೆ ಬಂದ ಬೆಲೆಗಳಲ್ಲಿ ಹೆಚ್ಚಿನದನ್ನು ಹುಡುಕಬೇಕಾಗಿದೆ. ಮೊದಲ ಬೆಲೆಯನ್ನೇ ಹೆಚ್ಚಿನದೆಂದು ಇಟ್ಟುಕೊಂಡು, ಮುಂದಿನ ಪ್ರತಿಯೊಂದನ್ನೂ ಅದಕ್ಕೆ ಹೋಲಿಸಿ, ದೊಡ್ಡದು ಸಿಕ್ಕಾಗ ಬದಲಾಯಿಸುತ್ತ ಹೋಗುವುದು ವಿಧಾನ. ಯಾರೂ ಬೆಲೆ ಹೇಳದಿದ್ದರೆ? ಇಬ್ಬರು ಒಂದೇ ಬೆಲೆ ಹೇಳಿದರೆ? ಈ ಎರಡು ಪ್ರಶ್ನೆಗಳನ್ನು ಕೇಳುವ ವಿದ್ಯಾರ್ಥಿ ಆಗಲೇ ಅರ್ಧ ಕ್ರಮವಿಧಿಕಾರನಾಗಿದ್ದಾನೆ ಎನ್ನಬಹುದು. ಚನ್ನಪಟ್ಟಣದ ಬೊಂಬೆಗಾರರ ಕೆಲಸದಿಂದ ‘ಫಂಕ್ಷನ್’ ಎಂಬುದನ್ನು ತಿಳಿಸಬಹುದು. ಆಲೆ ಮರದ ತುಂಡನ್ನು ಚರಕಿಗೆ ಕೊಟ್ಟು, ಉಳಿಯಿಂದ ಆಕಾರ ಕೊಟ್ಟು, ತಿರುಗುವ ಮರಕ್ಕೆ ಬಣ್ಣದ ಅರಗನ್ನು ಒತ್ತಿ, ಗರಿಯಿಂದ ಹೊಳಪು ಕೊಡುವುದು ಒಂದು ಸ್ಥಿರ ಕ್ರಮ. ಅಳತೆ ಮತ್ತು ಬಣ್ಣ ಮಾತ್ರ ಪ್ರತಿ ಸಲ ಬೇರೆ. ಕ್ರಮವನ್ನು ಒಮ್ಮೆ ಬರೆದು ಹೆಸರಿಟ್ಟು, ಬದಲಾಗುವುದನ್ನು ಹೊರಗಿನಿಂದ ಕೊಡುವುದೇ ಫಂಕ್ಷನ್.

6. ಯಂತ್ರದೊಳಗಿನ ಕನ್ನಡ

ಕಾಗದದ ಅಭ್ಯಾಸದಿಂದ ಗಣಕಕ್ಕೆ ಬಂದಾಗ ಕನ್ನಡ ವಿದ್ಯಾರ್ಥಿಗೆ ಒಂದು ಅಚ್ಚರಿ ಕಾದಿರುತ್ತದೆ. ‘ಚನ್ನಪಟ್ಟಣ’ ಎಂಬ ಪದದ ಉದ್ದವೆಷ್ಟು? ವೈಯಾಕರಣನಿಗೆ 5 ಅಕ್ಷರ. ಛಂದಸ್ಸಿಗೆ 7 ಮಾತ್ರೆ. ಪೈಥಾನ್ 9 ಎನ್ನುತ್ತದೆ. ಯೂನಿಕೋಡ್ ಸಂಕೇತದಲ್ಲಿ ‘ನ್ನ’ ಎಂಬುದು ನಕಾರ, ಹಲಂತ ಚಿಹ್ನೆ, ನಕಾರ ಎಂಬ ಮೂರು ಘಟಕಗಳಾಗಿ ಸಂಗ್ರಹವಾಗುವುದೇ ಇದಕ್ಕೆ ಕಾರಣ, ‘ಟ್ಟ’ವೂ ಹಾಗೆಯೇ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಘಟಕಕ್ಕೆ 3 ಬೈಟುಗಳು ಬೇಕಾಗುವುದರಿಂದ, ಬೈಟುಗಳನ್ನು ಎಣಿಸುವ ಸಿ ಭಾಷೆ ಅದೇ ಪದವನ್ನು 27 ಎಂದು ಎಣಿಸುತ್ತದೆ. 5, 7, 9, 27 ಎಂಬ ನಾಲ್ಕು ಉತ್ತರಗಳೂ ತಮ್ಮ ತಮ್ಮ ನೆಲೆಯಲ್ಲಿ ಸರಿ. ‘ಸಾಲನ್ನು ಅಕ್ಷರಗಳಾಗಿ ಬಿಡಿಸು’ ಎಂದು ನಾವು ಸುಲಭವಾಗಿ ಬರೆದ ಮೊದಲ ಹಂತ ಯಂತ್ರದಲ್ಲಿ ಅತ್ಯಂತ ಕಠಿಣವಾದ ಹಂತವಾಗಿ ಪರಿಣಮಿಸುತ್ತದೆ. ಇಂಗ್ಲಿಷಿನಲ್ಲಿ ಮಾತ್ರ ಅಭ್ಯಾಸ ಮಾಡಿದವರಿಗೆ ಈ ತಿಳಿವಳಿಕೆ ತಡವಾಗಿ ಬರುತ್ತದೆ. ಕನ್ನಡದಲ್ಲಿ ಆರಂಭಿಸಿದವರಿಗೆ ಮೊದಲ ದಿನವೇ ಎದುರಾಗುತ್ತದೆ.

ಕನ್ನಡವನ್ನು ಗಣಕಕ್ಕೆ ತರುವ ಕೆಲಸವನ್ನು ಹಿಂದಿನ ತಲೆಮಾರು ಮಾಡಿಕೊಟ್ಟಿದೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವು ಸುಪರಿಚಿತ. 1967ರಲ್ಲಿ ಮಕ್ಕಳಿಗಾಗಿ ರೂಪುಗೊಂಡ ‘ಲೋಗೋ’ ಭಾಷೆಯನ್ನು ಯು.ಬಿ. ಪವನಜ ಅವರು ಕನ್ನಡಕ್ಕೆ ತಂದರು. ಆಜ್ಞೆಗಳೇ ಕನ್ನಡದಲ್ಲಿರುವಾಗ ಕ್ರಮವಿಧಿಯ ತರ್ಕವನ್ನು ಇಂಗ್ಲಿಷಿನ ಹಂಗಿಲ್ಲದೆ ಕಲಿಸಬಹುದೆಂಬುದನ್ನು ಆ ಪ್ರಯತ್ನ ತೋರಿಸಿತು. 2008ರಲ್ಲಿ ಬಂದ ಪೈಥಾನ್‌ನ ಮೂರನೆಯ ಆವೃತ್ತಿಯಿಂದ ಚರಗಳಿಗೆ ‘ಬೆಲೆ’, ‘ಮೊತ್ತ’ ಎಂದು ಕನ್ನಡ ಲಿಪಿಯಲ್ಲಿಯೇ ಹೆಸರಿಡಲು ಸಾಧ್ಯವಾಗಿದೆ. 2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಬೋಧನೆಗೆ ಅವಕಾಶ ಕೊಟ್ಟಿತು. ಇಡೀ ಪದವಿಯನ್ನು ಕನ್ನಡದಲ್ಲಿ ಓದಬೇಕೇ ಎಂಬುದು ಬೇರೆಯೇ ಚರ್ಚೆ. ಪದವಿಯ ಹೊಸ್ತಿಲನ್ನು ಕನ್ನಡದಲ್ಲಿ ದಾಟಿಸುವುದಕ್ಕೆ ಆ ಚರ್ಚೆ ಮುಗಿಯುವವರೆಗೆ ಕಾಯಬೇಕಾಗಿಲ್ಲ.

7. ಒಂದು ಕಲಿಕಾಕ್ರಮ

ಪರೀಕ್ಷೆ ಮುಗಿದು ಹೊಸ ತರಗತಿ ಆರಂಭವಾಗುವ ನಡುವಿನ ಬಿಡುವಿಗೆ ಹೊಂದುವಂತೆ ಆರು ವಾರಗಳ ಕ್ರಮವೊಂದನ್ನು ಇಲ್ಲಿ ಸೂಚಿಸಬಹುದು. ಮೊದಲ ಎರಡು ವಾರ ಗಣಕವನ್ನು ಮುಟ್ಟದೆ, ಮೇಲಿನಂತಹ ಹತ್ತು ಕೆಲಸಗಳನ್ನು ಕನ್ನಡದಲ್ಲಿ ಹಂತಗಳಾಗಿ ಬರೆಯುವುದು. ಬರೆದುದನ್ನು ಇನ್ನೊಬ್ಬರ ಕೈಗೆ ಕೊಟ್ಟು, ಅವರು ಬರೆದಿರುವಷ್ಟನ್ನೇ ಮಾಡುವಂತೆ ಹೇಳಿ, ಎಲ್ಲಿ ತಡೆಯುತ್ತದೆಂದು ನೋಡುವುದು. ಮೂರು ಮತ್ತು ನಾಲ್ಕನೆಯ ವಾರ ಅವುಗಳಲ್ಲಿ ಸರಳವಾದ ನಾಲ್ಕನ್ನು ಪೈಥಾನ್‌ನಲ್ಲಿ ಬರೆಯುವುದು. ಚರಗಳ ಹೆಸರು ಕನ್ನಡದಲ್ಲಿದ್ದರೂ ಸರಿಯೆ. ಐದನೆಯ ವಾರ ಸಿಂಟ್ಯಾಕ್ಸ್ ಎರರ್, ನೇಮ್ ಎರರ್, ಟೈಪ್ ಎರರ್, ಇಂಡೆಂಟೇಷನ್ ಎರರ್, ಇಂಡೆಕ್ಸ್ ಎರರ್ ಎಂಬ ಐದು ದೋಷಗಳನ್ನು ಬೇಕೆಂದೇ ಉಂಟುಮಾಡಿ, ಸೂಚನೆಯನ್ನು ಓದಿ, ಅದರ ಅರ್ಥವನ್ನು ಕನ್ನಡದಲ್ಲಿ ಬರೆದಿಟ್ಟುಕೊಳ್ಳುವುದು. ಆರನೆಯ ವಾರ ಅವೇ ನಾಲ್ಕು ಕ್ರಮವಿಧಿಗಳ ಚರಗಳಿಗೆ ಇಂಗ್ಲಿಷ್ ಹೆಸರಿಟ್ಟು, ಪ್ರತಿಯೊಂದರ ಉದ್ದೇಶವನ್ನು ಎರಡು ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯುವುದು. ಇಂಗ್ಲಿಷ್ ಇಲ್ಲಿ ಕೊನೆಗೆ ಬರುತ್ತದೆ. ಆಗ ಅದಕ್ಕೆ ಹೇಳಬೇಕಾದ ವಿಷಯವೂ ಸಿದ್ಧವಿರುತ್ತದೆ.

ಈ ಕ್ರಮದ ಮೊದಲ ಎರಡು ವಾರಗಳನ್ನು ನಡೆಸಲು ಗಣಕ ಅಧ್ಯಾಪಕರಿಗಿಂತ ಕನ್ನಡ ಅಧ್ಯಾಪಕರೇ ಹೆಚ್ಚು ಸಮರ್ಥರು. ಲಘು ಯಾವಾಗ ಗುರುವಾಗುತ್ತದೆ, ಲೋಪ ಎಲ್ಲಿ ಆಗದು, ಅಪವಾದ ಯಾವುದು ಎಂಬುದನ್ನು ಅವರು ದಿನವೂ ಕಲಿಸುತ್ತಿದ್ದಾರೆ. ಪರೀಕ್ಷೆ ಮುಗಿದೊಡನೆ ಮರೆತುಬಿಡಬಹುದಾದ ಪಾಠವೆಂದು ವಿಜ್ಞಾನದ ವಿದ್ಯಾರ್ಥಿ ಛಂದಸ್ಸನ್ನು ನೋಡುತ್ತಾನೆ. ಗಣಕಕ್ಕೆ ತಾನು ಅರ್ಹನಲ್ಲವೆಂದು ಕನ್ನಡ ಮಾಧ್ಯಮದ ವಿದ್ಯಾರ್ಥಿ ಅಂಜುತ್ತಾನೆ. ಈ ಎರಡು ತಪ್ಪು ಗ್ರಹಿಕೆಗಳನ್ನೂ ಪ್ರಸ್ತಾರದ ಒಂದೇ ಪಾಠದಿಂದ ನಿವಾರಿಸಲು ಸಾಧ್ಯವಿದೆ. ಪದವಿಪೂರ್ವ ಕಾಲೇಜುಗಳ ಕನ್ನಡ ವಿಭಾಗವೂ ಗಣಕ ವಿಭಾಗವೂ ಕೂಡಿ ಇಂತಹ ಅಭ್ಯಾಸಗಳ ಕಿರುಪುಸ್ತಕವೊಂದನ್ನು ಸಿದ್ಧಪಡಿಸುವುದು ಮೊದಲು ಆಗಬೇಕಾದ ಕೆಲಸ. ಶಿಥಿಲದ್ವಿತ್ವವನ್ನು ಗುರುತಿಸುವ ನಿಯಮವನ್ನು ಯಂತ್ರಕ್ಕೆ ತಿಳಿಯುವಂತೆ ಪೂರ್ಣವಾಗಿ ಬರೆಯುವ ಕೆಲಸವನ್ನು ಅದರ ಕೊನೆಯ ಅಭ್ಯಾಸವಾಗಿಡಬಹುದು. ಅದನ್ನು ಬಿಡಿಸಲು ಎರಡೂ ವಿಭಾಗದವರು ಒಂದೇ ಮೇಜಿನ ಸುತ್ತ ಕೂರಲೇಬೇಕಾಗುತ್ತದೆ.